ಎಲ್ಲವೂ ಕಾಣೋ ಫೋಟೋ, ಬಿಸಿಲಿಲ್ಲದ ಕೋಟೆ

ಚಿತ್ರದುರ್ಗದ ಕೋಟೆ ಮೇಲೆ ಈಗ ಯಾರೇ ತೆಗೆದ್ರೂ ಫೋಟೋ ಒಂದೇ ಥರ ಬರುತ್ತೆ. ಆಕಾಶ ನೀಲಿ, ಬಂಡೆ ಕಂದು, ನೆರಳಲ್ಲಿ ನಿಂತ ಗೆಳೆಯನ ಮುಖವೂ ಸ್ಪಷ್ಟ. ಕಾರಣ ಇಂಜಿನಿಯರಿಂಗ್ ಓದೋ ನಮಗೆ ಗೊತ್ತಿರೋದೇ: ಫೋನು ಬೇರೆ ಬೇರೆ ಎಕ್ಸ್‌ಪೋಷರ್‌ನ ಹಲವು ಫ್ರೇಮ್ ತೆಗೆದು ಒಂದಾಗಿ ಸೇರಿಸುತ್ತೆ. ಎಲ್ಲವೂ ಕಾಣುತ್ತೆ, ಬಿಸಿಲು ಮಾತ್ರ ಸುಡಲ್ಲ.

ಆ ಬಿಸಿಲನ್ನು ಹಿಡಿಯೋ ವಿದ್ಯೆ ಗೊತ್ತಿದ್ದವರು ನಮ್ಮ ಜಿಲ್ಲೆಯಲ್ಲೇ ಇದ್ರು. ಹಿರಿಯೂರು ತಾಲ್ಲೂಕಿನ ಹರ್ತಿಕೋಟೆಯಲ್ಲಿ 1922ರಲ್ಲಿ ಹುಟ್ಟಿದ ಪಿ.ಆರ್. ತಿಪ್ಪೇಸ್ವಾಮಿ ಅವರು ಜಲವರ್ಣದ ನಿಸರ್ಗಚಿತ್ರಗಳಿಗೆ ಹೆಸರಾದವರು. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯಕ್ಕಾಗಿ ದುಡಿದವರೂ ಹೌದು. (ನಮ್ಮ ಕ್ಲಾಸಲ್ಲಿ ಅವರ ಹೆಸರು ಕೇಳಿ ನೋಡಿ, ಬೇಜಾರಾಗುತ್ತೆ.) ಜಲವರ್ಣದಲ್ಲಿ ಬೆಳಕು ತೋರಿಸೋಕೆ ಸಾಮಾನ್ಯವಾಗಿ ಬಿಳಿ ಬಣ್ಣ ಹಚ್ಚಲ್ಲ, ಕಾಗದವನ್ನೇ ಖಾಲಿ ಬಿಡ್ತಾರೆ. ಕುಂಚ ಎಲ್ಲಿ ಮುಟ್ಟಬಾರದು ಅಂತ ಕಲಾವಿದ ಮೊದಲೇ ತೀರ್ಮಾನ ಮಾಡಿರಬೇಕು. ಒಮ್ಮೆ ಮುಟ್ಟಿದ್ರೆ ಅಂಡೂ ಇಲ್ಲ. ಬಂಡೆ ಮೇಲೆ ಆ ಖಾಲಿ ಕಾಗದ ಕಂಡಾಗ ನಮ್ಮ ಕಣ್ಣು ತಾನಾಗೇ ಕಿರಿದಾಗುತ್ತೆ, ಮಧ್ಯಾಹ್ನ ಮೆಟ್ಟಿಲು ಹತ್ತಿದ ಸುಸ್ತು ನೆನಪಾಗುತ್ತೆ. ಹೀಗೆ ಬಿಟ್ಟ ಜಾಗದಲ್ಲೇ ಭಾವನೆ ಹುಟ್ಟುತ್ತೆ ಅನ್ನೋದು ನಮ್ಮ ವಾದ.

ಅಮೂರ್ತ ಚಿತ್ರಗಳು ಬಂಡೆಯನ್ನೂ ಬಿಟ್ಟು ಬರೀ ಬಣ್ಣ ಉಳಿಸ್ತವೆ. ಅವನ್ನು ಕಂಡ್ರೆ ನಮ್ಮ ಹುಡುಗ್ರ ಬಾಯಲ್ಲಿ ಬರೋದು ಎರಡೇ ಮಾತು: 'ಇದರ ಅರ್ಥ ಏನು?', ಇಲ್ಲಾ 'ಇದನ್ನ ನನ್ನ ತಮ್ಮನೂ ಬಿಡಿಸ್ತಾನೆ'. ಅಮೆರಿಕದ ಹ್ಯೂಸ್ಟನ್‌ನಲ್ಲಿ 1971ರಲ್ಲಿ ತೆರೆದ ರಾಥ್ಕೋ ಚಾಪೆಲ್‌ನಲ್ಲಿ 14 ದೊಡ್ಡ ಕ್ಯಾನ್ವಾಸ್‌ಗಳಿವೆ. ಮನುಷ್ಯ, ಮರ, ದೇವರು ಯಾವುದೂ ಇಲ್ಲ. ಜನ ಬೆಂಚಲ್ಲಿ ಸುಮ್ಮನೆ ಕೂತು ನೋಡ್ತಾರೆ, ಕೆಲವರು ಅತ್ತೂ ಇದ್ದಾರೆ. ಮೊದಲು ಬರೀ ಕಪ್ಪು. ಕಣ್ಣು ಮಂದ ಬೆಳಕಿಗೆ ಹೊಂದಿಕೊಂಡ ಮೇಲೆ ನೇರಳೆ, ಕಂದುಗೆಂಪು ನಿಧಾನಕ್ಕೆ ಮೇಲೆ ಬರುತ್ತೆ. ಸ್ಕ್ರೋಲ್ ಮಾಡೋ ಬೆರಳಿಗೆ ಆ ಬಣ್ಣ ಸಿಗಲ್ಲ.

ಹಾಗಾಗಿ ಒಂದು ಬೇಡಿಕೆ. ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆಗೆ ಹೋಗೋರು ಹೋಗ್ಲಿ, ಆದ್ರೆ ಆ ನೂಕುನುಗ್ಗಲಲ್ಲಿ ಕೂತು ನೋಡೋಕಾಗಲ್ಲ. ಈ ರಾಜ್ಯೋತ್ಸವಕ್ಕೆ ಫ್ಲೆಕ್ಸ್‌ಗೆ ಸುರಿಯೋ ದುಡ್ಡಲ್ಲಿ ಜಿಲ್ಲೆಯ ಕಲಾವಿದರ ನಾಲ್ಕೇ ನಾಲ್ಕು ಅಸಲಿ ಚಿತ್ರ ತಂದು ಲೈಬ್ರರಿ ಕಾರಿಡಾರಲ್ಲಿ ಹಾಕೋಣ. ಪ್ರಿಂಟ್ ಬೇಡ, ಪಕ್ಕದಲ್ಲಿ ವಿವರಣೆ ಬೋರ್ಡೂ ಬೇಡ. ಪ್ರತಿ ಚಿತ್ರದ ಮುಂದೆ ಎರಡು ಕುರ್ಚಿ, ಬಾಗಿಲ ಹತ್ರ ಫೋನ್ ಇಡೋಕೆ ಒಂದು ಬುಟ್ಟಿ.