‘ವಿಲೇವಾರಿ’ಯ ಲೆಕ್ಕದಲ್ಲಿ ಕಳೆದುಹೋದವರು

ಅರಣ್ಯ ಹಕ್ಕು ಕಾಯ್ದೆಯ ಜಾರಿ ಕುರಿತು ಕೇಂದ್ರ ಬುಡಕಟ್ಟು ವ್ಯವಹಾರಗಳ ಸಚಿವಾಲಯ ಸಿದ್ಧಪಡಿಸಿದ ಮಾಸಿಕ ವರದಿಗಳನ್ನು ಓದುವಾಗ ನನ್ನನ್ನು ತಡೆದು ನಿಲ್ಲಿಸಿದ್ದು ‘ವಿಲೇವಾರಿ’ ಎಂಬ ಕಾಲಂ. ಹಕ್ಕುಪತ್ರ ಪಡೆದವರು, ಅರ್ಜಿ ತಿರಸ್ಕೃತಗೊಂಡವರು ಇಬ್ಬರನ್ನೂ ಕೂಡಿಸಿದ ಮೊತ್ತವದು. ಅರ್ಜಿಗಳನ್ನು ಸಾರಾಸಗಟಾಗಿ ತಳ್ಳಿಹಾಕಿದ ರಾಜ್ಯವೂ ಈ ಶೇಕಡಾವಾರಿನಲ್ಲಿ ಮುಂಚೂಣಿಗೆ ಬರಬಹುದು!

‘ತಿರಸ್ಕೃತ’ ಎಂಬುದಾದರೂ ಒಂದೇ ಸ್ಥಿತಿಯೇ? 2006ರ ಈ ಕಾಯ್ದೆಯ ಪ್ರಕಾರ ಗ್ರಾಮಸಭೆಯ ನಿರ್ಣಯದ ವಿರುದ್ಧ ಉಪವಿಭಾಗ ಸಮಿತಿಗೆ, ಅದರ ತೀರ್ಮಾನದ ವಿರುದ್ಧ ಜಿಲ್ಲಾ ಸಮಿತಿಗೆ 60 ದಿನಗಳೊಳಗೆ ಮೊರೆ ಹೋಗಬಹುದು. ತಿರಸ್ಕಾರದ ಸುದ್ದಿಯೇ ತಲುಪದವನು, ಮೇಲ್ಮನವಿ ಸಲ್ಲಿಸಿ ಕಾದಿರುವವನು, ಜಿಲ್ಲಾ ಸಮಿತಿಯಲ್ಲಿಯೂ ಸೋತವನು ಮೂವರೂ ಒಂದೇ ಅಂಕಿಯೊಳಗೆ ಸೇರಿಹೋದರೆ ಗತಿಯೇನು? ಉತ್ತರ ಕನ್ನಡದ ಪಾರಂಪರಿಕ ಅರಣ್ಯವಾಸಿಗಳಿಗೆ ತೊಡಕಾಗಿರುವುದು ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸದ ಸಾಕ್ಷ್ಯ. ಆ ಕಾರಣವೂ ವರದಿಯ ಮೊತ್ತದಲ್ಲಿ ಕಾಣಿಸದು.

ಇದು ಬರೀ ಗುಮಾಸ್ತರ ತಕರಾರಲ್ಲ. 2019ರ ಫೆಬ್ರುವರಿ 13ರಂದು ಸುಪ್ರೀಂ ಕೋರ್ಟ್, ರಾಜ್ಯಗಳು ಪ್ರಮಾಣಪತ್ರಗಳಲ್ಲಿ ನೀಡಿದ್ದ ಇಂಥ ಅಂಕಿಗಳನ್ನು ಮುಂದಿಟ್ಟುಕೊಂಡೇ, ಹಕ್ಕು ಸಾಧನೆ ತಿರಸ್ಕೃತಗೊಂಡವರನ್ನು ತೆರವುಗೊಳಿಸುವಂತೆ ಆದೇಶಿಸಿತು. ಲಕ್ಷಾಂತರ ಕುಟುಂಬಗಳು ನಡುಗಿದವು. ಫೆಬ್ರುವರಿ 28ರಂದು ಆದೇಶಕ್ಕೆ ತಡೆ ನೀಡಿದ ನ್ಯಾಯಾಲಯ, ತಿರಸ್ಕಾರಕ್ಕೆ ಅನುಸರಿಸಿದ ವಿಧಾನವನ್ನು ವಿವರಿಸುವಂತೆ ರಾಜ್ಯಗಳಿಗೆ ಸೂಚಿಸಿತು. ಆ ವಿವರವನ್ನು ಮೊದಲ ದಿನದಿಂದಲೇ ದಾಖಲಿಸಬೇಕಿತ್ತು. ತಿರಸ್ಕಾರದ ಹಂತ, ಕಾರಣ, ತಿಳಿವಳಿಕೆ ನೀಡಿದ ದಿನಾಂಕ: ಈ ಮೂರು ಕಾಲಂಗಳನ್ನು ಸೇರಿಸುವುದಕ್ಕೆ ಕಾಯ್ದೆಯ ತಿದ್ದುಪಡಿಯೇನೂ ಬೇಕಿಲ್ಲ.