ಹೊಳೆಗೆ ಸಾಲುಗಳಿಲ್ಲ

ಹೈದರಾಬಾದಿನ ಅಮೀರ್‌ಪೇಟೆಯಲ್ಲಿ, ಮೈತ್ರಿವನದ ಸುತ್ತಮುತ್ತ, ಸಾಫ್ಟ್‌ವೇರ್ ತರಬೇತಿಯ ಬೋರ್ಡುಗಳಿಗೆ ಲೆಕ್ಕವಿಲ್ಲ. ಬೀದರ, ಕಲಬುರಗಿ, ರಾಯಚೂರಿನ ಮಕ್ಕಳಿಗೆ ಬೆಂಗಳೂರಿಗಿಂತ ಅದೇ ಹತ್ತಿರ. ಅಲ್ಲಾಗಲಿ, ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಾಗಲಿ, ನೆಟ್‌ವರ್ಕ್ ಪಾಠ ಹೆಚ್ಚಾಗಿ ಒಂದೇ ಬಗೆ. ಈ ಕಡೆಯಿಂದ ಒಂದು ಸಾಲು ಕಳಿಸು, ಆ ಕಡೆ ಒಮ್ಮೆ ಓದು, ಅದೇ ಸಾಲು ಬಂತು, ಪಾಠ ಮುಗಿಯಿತು. ಎರಡು ಕಡೆಯೂ ಒಂದೇ ಕಂಪ್ಯೂಟರ್ ಆಗಿದ್ದರಿಂದ ಬಂತು ಎಂದು ಯಾರೂ ಹೇಳುವುದಿಲ್ಲ.

ಟಿಸಿಪಿಯ ನಿಯಮಾವಳಿ 1981ರಷ್ಟು ಹಳೆಯದು. ಬೈಟ್‌ಗಳು ಕಳಿಸಿದ ಕ್ರಮದಲ್ಲೇ ತಲುಪುತ್ತವೆ ಎಂದು ಅದು ಮಾತು ಕೊಡುತ್ತದೆ. ಒಮ್ಮೆ ಕಳಿಸಿದ್ದು ಒಮ್ಮೆಗೇ ತಲುಪುತ್ತದೆ ಎಂದು ಎಲ್ಲಿಯೂ ಹೇಳಿಲ್ಲ. ಒಂದು ಸಾಲು ಮೂರು ತುಂಡಾಗಿ ಬರಬಹುದು, ಮೂರು ಸಾಲು ಒಂದೇ ತುಂಡಾಗಿಯೂ ಬರಬಹುದು.

ಫಂಕ್ಷನಲ್ ಪ್ರೋಗ್ರಾಮಿಂಗ್ ಕಲಿಸುವವರಲ್ಲಿ ಅನೇಕರು ಇದರ ಮೇಲೆ ಇನ್ನೂ ಚೆಂದದ ಸುಳ್ಳೊಂದನ್ನು ಹೊದಿಸುತ್ತಾರೆ. ಬರುವುದೆಲ್ಲ ಒಂದು ಸೋಮಾರಿ ಪಟ್ಟಿ; ನ್ಯೂಲೈನ್ ಕಂಡಲ್ಲಿ ಕತ್ತರಿಸಿ, ಪ್ರತಿ ಸಾಲಿಗೂ ಫಂಕ್ಷನ್ ಹಚ್ಚಿದರೆ ಆಯಿತು ಎನ್ನುತ್ತಾರೆ. ಹ್ಯಾಸ್ಕೆಲ್‌ನಲ್ಲಿ ಇದು ಎರಡು ಪದದ ಕೆಲಸ. ಆದರೆ ಅದರ ‘ಲೈನ್ಸ್’ ಫಂಕ್ಷನ್, ನ್ಯೂಲೈನ್‌ನಿಂದ ಮುಗಿದ ಕೊನೆಯ ಸಾಲಿಗೂ ನಡುವೆಯೇ ತುಂಡಾದ ಸಾಲಿಗೂ ವ್ಯತ್ಯಾಸ ಉಳಿಸುವುದಿಲ್ಲ. ‘ಜಮೆ 50000’ ಎಂದು ಹೊರಟ ಸಾಲು ‘ಜಮೆ 500’ ಆಗುವಷ್ಟರಲ್ಲಿ ಆಚೆಯವರು ಸಂಪರ್ಕ ಮುಚ್ಚಿದರು ಅನ್ನಿ. ಪ್ರೋಗ್ರಾಂ ನೆಮ್ಮದಿಯಾಗಿ ಐನೂರು ಜಮೆ ಮಾಡುತ್ತದೆ. ಟೈಪುಗಳೆಲ್ಲ ಸರಿ, ಲೆಕ್ಕ ಮಾತ್ರ ತಪ್ಪು.

ಹಣದ ಜಾಲ ಕಟ್ಟಿದವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ರಿಸರ್ವ್ ಬ್ಯಾಂಕ್ 1996ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿಸಿದ ಐಡಿಆರ್‌ಬಿಟಿ, 2004ರಲ್ಲಿ ಬ್ಯಾಂಕುಗಳ ಎಟಿಎಂಗಳನ್ನು ಬೆಸೆಯುವ ಎನ್‌ಎಫ್‌ಎಸ್ ಜಾಲವನ್ನು ಆರಂಭಿಸಿತು. 2009ರಲ್ಲಿ ಅದು ಎನ್‌ಪಿಸಿಐಗೆ ಹೋಯಿತು. ಎಟಿಎಂ ಜಾಲಗಳಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಐಎಸ್‌ಒ 8583 ಸಂದೇಶದೊಳಗೆ ಏನಿರಬೇಕು ಎಂದು ಹೇಳುತ್ತದೆ. ಟಿಸಿಪಿಯ ಮೇಲೆ ಅದು ಎಲ್ಲಿ ಮುಗಿಯುತ್ತದೆ ಎಂಬುದನ್ನು ಎರಡು ಕಡೆಯವರು ಬೇರೆಯೇ ಒಪ್ಪಂದ ಮಾಡಿಕೊಳ್ಳಬೇಕು. ಹೆಚ್ಚಿನವರು ಸಂದೇಶದ ಮುಂದೆ ಅದರ ಉದ್ದವನ್ನು ಬರೆದು ಕಳಿಸುತ್ತಾರೆ.

ಹಾಗಾದರೆ ಗುರುತು ಹಾಕಿ ಸಾಲು ಬೇರ್ಪಡಿಸುವ ಪದ್ಧತಿಯೇ ತಪ್ಪೆ? ಅಲ್ಲ. ಅದಕ್ಕೆ ಬೇಕಾದ ಮದ್ದು ಫಂಕ್ಷನಲ್ ಪ್ರೋಗ್ರಾಮಿಂಗ್‌ನಲ್ಲೇ ಇದೆ, ಅದನ್ನು ಕಲಿಸದಿರುವುದೇ ನನ್ನ ತಕರಾರು. ಓದುವ ಫಂಕ್ಷನ್ ಮೂರು ಉತ್ತರ ಕೊಡಬೇಕು: ‘ಮುಗಿಯಿತು, ಇದು ಉಳಿಕೆ’, ‘ಇನ್ನೂ ಬೇಕು’, ‘ತಪ್ಪಾಗಿದೆ’. ಹ್ಯಾಸ್ಕೆಲ್‌ನ ಆಟೋಪಾರ್ಸೆಕ್ ಲೈಬ್ರರಿಯ ಉತ್ತರಗಳು ಇವೇ ಮೂರು. ‘ಇನ್ನೂ ಬೇಕು’ ಎಂಬುದು ಅಲ್ಲಿ ಒಂದು ಮೌಲ್ಯ. ಅದನ್ನು ಕೈಯಲ್ಲಿ ಹಿಡಿದುಕೊಂಡು ಮುಂದಿನ ತುಂಡಿಗೆ ಕಾಯಬಹುದು. ಕಾಯುವುದಕ್ಕೊಂದು ಮಿತಿಯೂ ಬೇಕು. ಇಲ್ಲವಾದರೆ ನ್ಯೂಲೈನ್ ಕಳಿಸದೆ ಬೈಟ್ ಸುರಿಯುವ ಒಬ್ಬನೇ ನಿಮ್ಮ ಮೆಮೊರಿಯನ್ನೆಲ್ಲ ತಿಂದುಹಾಕುತ್ತಾನೆ.

ಕನ್ನಡಿಗರಿಗೆ ಇಲ್ಲಿ ಇನ್ನೊಂದು ಪೆಟ್ಟಿದೆ. ಯುಟಿಎಫ್-8ರಲ್ಲಿ ‘ಕ’ ಎಂದರೆ 3 ಬೈಟ್, ‘ಕ್ಷ’ ಎಂದರೆ 9. ಬಂದ ತುಂಡನ್ನು ಬಂದ ಹಾಗೆಯೇ ಅಕ್ಷರವಾಗಿಸಲು ಹೋದರೆ ‘ಲಕ್ಷ್ಮಿ’ಯ ನಡುವೆ ಪ್ರಶ್ನಾರ್ಥಕ ಚಿಹ್ನೆ ಕೂರುತ್ತದೆ. ಬರೀ ಇಂಗ್ಲಿಷಿನಲ್ಲಿ ಪರೀಕ್ಷಿಸಿದವರಿಗೆ ಇದು ಕಾಣುವುದೇ ಇಲ್ಲ. ನ್ಯೂಲೈನ್‌ನ ಬೈಟ್ ಬೇರೆ ಯಾವ ಅಕ್ಷರದ ಒಳಗೂ ಬರದಂತೆ ಯುಟಿಎಫ್-8 ರಚಿತವಾಗಿದೆ. ಆದ್ದರಿಂದ ಮೊದಲು ಬೈಟ್‌ಗಳಲ್ಲೇ ಸಾಲು ಕತ್ತರಿಸಿ, ಆಮೇಲೆ ಅಕ್ಷರ ಮಾಡಿಕೊಳ್ಳಬೇಕು.

‘ಇದೆಲ್ಲ ಲೈಬ್ರರಿ ನೋಡಿಕೊಳ್ಳುತ್ತದೆ’ ಎನ್ನುವವರು 2023ರ ಡಿಸೆಂಬರ್ ನೆನೆಯಲಿ. ಇಮೇಲ್ ಎಲ್ಲಿ ಮುಗಿಯುತ್ತದೆ ಎಂಬ ಗುರುತನ್ನು ಎರಡು ಸರ್ವರ್‌ಗಳು ಬೇರೆ ಬೇರೆಯಾಗಿ ಓದಿದರೆ, ಒಂದು ಪತ್ರದೊಳಗೆ ಇನ್ನೊಬ್ಬರ ಹೆಸರಿನ ಖೋಟಾ ಪತ್ರವನ್ನು ತೂರಿಸಬಹುದೆಂದು ಆಗ ಬಯಲಾಯಿತು. ಪೋಸ್ಟ್‌ಫಿಕ್ಸ್‌ನಂಥ ಹಳೆಯ, ನಂಬಿಕಸ್ಥ ತಂತ್ರಾಂಶವೂ ತಿದ್ದಿಕೊಳ್ಳಬೇಕಾಯಿತು.

ಆದ್ದರಿಂದ ಕಲಿಸುವವರಲ್ಲಿ ಒಂದು ಒತ್ತಾಯ. ಮೊದಲ ದಿನವೇ ಒಂದು ಕನ್ನಡ ಸಾಲನ್ನು ಒಂದೊಂದೇ ಬೈಟ್ ಆಗಿ ಕಳಿಸಿ, ಅರ್ಧಕ್ಕೆ ಸಂಪರ್ಕ ಮುಚ್ಚಿ. ಆಗಲೂ ಪೂರ್ತಿ ಸಾಲು ಸಿಕ್ಕಿತೆಂದು ಹೇಳುವ ಪ್ರೋಗ್ರಾಮಿಗೆ ಒಂದು ಅಂಕವನ್ನೂ ಕೊಡಬೇಡಿ.