ಮೂಲವಸ್ತುಗಳೂ ರಾಷ್ಟ್ರಗಳೂ

2016ನೆಯ ನವೆಂಬರ್ 28ರಂದು ರಸಾಯನಶಾಸ್ತ್ರಜ್ಞರ ಅಂತರರಾಷ್ಟ್ರೀಯ ಒಕ್ಕೂಟವು ನಾಲ್ಕು ಹೊಸ ಮೂಲವಸ್ತುಗಳ ಹೆಸರುಗಳನ್ನು ಸ್ಥಿರಪಡಿಸಿತು. ಆವರ್ತ ಕೋಷ್ಟಕದ ಏಳನೆಯ ಸಾಲು ಅಂದಿಗೆ ಭರ್ತಿಯಾಯಿತು. ನಾಲ್ಕರಲ್ಲಿ ಮೂರು ರಷ್ಯನರೂ ಅಮೆರಿಕನರೂ ಕೂಡಿ ದುಡಿದು ಪಡೆದವು, ಒಂದು ಜಪಾನೀಯರದು. ಎಂಟನೆಯ ಸಾಲಿನ ಮೊದಲ ಮನೆಗಳಿಗಾಗಿ ಈಗ ನಡೆದಿರುವ ಹುಡುಕಾಟದಲ್ಲಿ ಆ ಕೂಟವು ಒಡೆದುಹೋಗಿದೆ. ಲೋಕದ ಕೋಲಾಹಲದ ನಡುವೆ ಇದು ಅಲ್ಪ ವಿಷಯವೆಂದು ಕೆಲವರಿಗೆ ತೋರಬಹುದು. ನಮಗೆ ಹಾಗೆ ತೋರುವುದಿಲ್ಲ.

ಮೊದಲು ಜಪಾನೀಯರ ಮಾತು. 113ನೆಯ ಮೂಲವಸ್ತುವಿನ ಗಣಿತವು ಶಾಲೆಯ ಹುಡುಗನಿಗೂ ತಿಳಿಯತಕ್ಕದ್ದು: ಸತುವಿನ ಸಂಖ್ಯೆ 30, ಬಿಸ್ಮತ್ತಿನದು 83, ಎರಡೂ ಬೆರೆತರೆ 113. ಬೆರಸುವುದು ಮಾತ್ರ ಸುಲಭವಲ್ಲ. ಬೆಳಕಿನ ವೇಗದ ಹತ್ತನೆಯ ಒಂದು ಪಾಲಿನಷ್ಟು ವೇಗದಿಂದ ಸತುವಿನ ಪರಮಾಣುಗಳನ್ನು ಬಿಸ್ಮತ್ತಿನ ಮೇಲೆ ಎಡೆಬಿಡದೆ ಎಸೆಯುತ್ತಿರಬೇಕು. ರಿಕೆನ್ ಸಂಸ್ಥೆಯಲ್ಲಿ ಕೊಸುಕೆ ಮೊರಿಟಾ ಮಹಾಶಯರ ತಂಡವು 2003ರಲ್ಲಿ ಈ ಕೆಲಸಕ್ಕೆ ತೊಡಗಿತು. 2004ನೆಯ ಜುಲೈನಲ್ಲಿ ಒಂದು ಪರಮಾಣು ದೊರೆಯಿತು. 2005ನೆಯ ಏಪ್ರಿಲ್‌ನಲ್ಲಿ ಇನ್ನೊಂದು. ಮೂರನೆಯದು 2012ನೆಯ ಆಗಸ್ಟ್‌ನಲ್ಲಿ. ಒಂಬತ್ತು ವರ್ಷಗಳ ತಪಸ್ಸಿಗೆ ಮೂರು ಪರಮಾಣುಗಳು, ಅವೂ ಎವೆಯಿಕ್ಕುವುದರೊಳಗಾಗಿ ಅಳಿದುಹೋದವು!

ಈ ಪದಾರ್ಥಕ್ಕೆ ನಿಹೋನಿಯಮ್ ಎಂದು ಹೆಸರು. ನಿಹೋನ್ ಎಂದರೆ ಜಪಾನೀಯರು ತಮ್ಮ ದೇಶವನ್ನು ಕರೆದುಕೊಳ್ಳುವ ಹೆಸರು. ಏಷ್ಯಾ ಖಂಡದ ಪ್ರಯೋಗಶಾಲೆಯೊಂದಕ್ಕೆ ಮೂಲವಸ್ತುವಿನ ಶೋಧದ ಮನ್ನಣೆ ದೊರೆತದ್ದು ಇದೇ ಮೊದಲು. ಇದರ ಹಿಂದೆ ಒಂದು ಹಳೆಯ ನೋವುಂಟು. ಮಸತಾಕಾ ಒಗಾವಾ ಎಂಬ ಜಪಾನೀ ಪಂಡಿತರು ಲಂಡನ್ನಿನಲ್ಲಿ ರಾಮ್ಸೆಯವರ ಬಳಿ ಅಭ್ಯಾಸಮಾಡಿ, ಸಿಂಹಳದ ಒಂದು ಖನಿಜದಲ್ಲಿ 43ನೆಯ ಮೂಲವಸ್ತುವನ್ನು ಕಂಡೆನೆಂದು 1908ರಲ್ಲಿ ಪ್ರಕಟಿಸಿ ಅದಕ್ಕೆ ನಿಪ್ಪೋನಿಯಮ್ ಎಂದು ಹೆಸರಿಟ್ಟಿದ್ದರು. ಅವರು ಕಂಡದ್ದು ಹೊಸ ಪದಾರ್ಥವೇ ಆಗಿತ್ತೆಂದೂ, ಆದರೆ ಅದೇ ಕಂಬದಲ್ಲಿ ಒಂದು ಮನೆ ಕೆಳಗಿನ ರೇನಿಯಮ್ ಆಗಿತ್ತೆಂದೂ ಮುಂದಿನವರು ಹಳೆಯ ಸಾಮಗ್ರಿಯನ್ನು ಪರಿಶೀಲಿಸಿ ಹೇಳಿದ್ದಾರೆ. ರೇನಿಯಮಿನ ಕೀರ್ತಿ 1925ರಲ್ಲಿ ಜರ್ಮನರ ಪಾಲಾಯಿತು. ಒಮ್ಮೆ ಬಳಸಿ ಬಿಟ್ಟ ಹೆಸರನ್ನು ಮತ್ತೆ ಇಡಕೂಡದೆಂಬುದು ಒಕ್ಕೂಟದ ಕಟ್ಟಳೆ. ಆದಕಾರಣ ನಿಪ್ಪೋನ್ ಹೋಗಿ ನಿಹೋನ್ ಬಂದಿತು.

ಭಾರತದ ಹೆಸರಿನ ಮೂಲವಸ್ತು ಯಾವುದೆಂದು ವಾಚಕರು ಕೇಳುವುದು ಸಹಜ. ಇಂಡಿಯಮ್ ಎಂಬುದನ್ನು ಕಂಡು ಹಿಗ್ಗುವವರುಂಟು. ಅದು 1863ರಲ್ಲಿ ಜರ್ಮನಿಯ ಫ್ರೈಬರ್ಗಿನಲ್ಲಿ ವರ್ಣಪಟಲದೊಳಗೆ ಕಂಡ ನೀಲಿಯ ಗೆರೆಯಿಂದ ಬಂದ ಹೆಸರು. ನೀಲಿಗೆ ನಮ್ಮ ದೇಶದಿಂದ ಹೆಸರು ಬಂದದ್ದು ನಿಜವಾದರೂ ಆ ಲೋಹದ ಶೋಧದಲ್ಲಿ ನಮ್ಮ ಕೈಯಿಲ್ಲ. ಸಂಸ್ಕೃತಕ್ಕೆ ಸಂದ ಗೌರವವೊಂದುಂಟು: ಮೆಂಡಲೀವ್ ಪಂಡಿತರು ಇನ್ನೂ ಕಾಣದಿದ್ದ ಮೂಲವಸ್ತುಗಳನ್ನು 1871ರಲ್ಲಿ ‘ಏಕ’ ಎಂಬ ನಮ್ಮ ಸಂಖ್ಯಾವಾಚಕವನ್ನು ಸೇರಿಸಿ ಹೆಸರಿಸಿದರು. ನಿಹೋನಿಯಮ್ ಕೂಡ ದೊರೆಯುವ ಮೊದಲು ಏಕ-ಥ್ಯಾಲಿಯಮ್ ಎನಿಸಿಕೊಂಡಿತ್ತು. ಅಷ್ಟರಿಂದ ತೃಪ್ತರಾಗಿ ಕುಳಿತರೆ ಅದು ಪೂರ್ವಿಕರ ಸಂಪಾದನೆಯನ್ನು ಉಂಡಂತೆಯೇ ಸರಿ. ಮೂರು ಪರಮಾಣುಗಳಿಗಾಗಿ ಒಂಬತ್ತು ವರ್ಷ ವೆಚ್ಚಮಾಡುವ ಸರ್ಕಾರವೂ, ನಡುವಿನ ಏಳು ಬರಿಯ ವರ್ಷಗಳಲ್ಲಿ ಲೆಕ್ಕ ಕೇಳಿ ಕಾಡದ ಅಧಿಕಾರಿಗಳೂ ಇದ್ದಲ್ಲಿ ಮಾತ್ರ ಇಂಥ ಹೆಸರು ಹುಟ್ಟುತ್ತದೆ.

ಇನ್ನು 117ನೆಯದರ ಕಥೆ. ಇದಕ್ಕೆ ಬೇಕಾದ ಬರ್ಕೀಲಿಯಮ್ ಅಮೆರಿಕದ ಓಕ್ ರಿಡ್ಜಿನಲ್ಲಿ 22 ಮಿಲಿಗ್ರಾಮಿನಷ್ಟು ಸಿದ್ಧವಾಯಿತು. ಅದನ್ನು ಎದುರಿಸುವ ಕ್ಯಾಲ್ಸಿಯಮ್ ಕಿರಣವಿದ್ದದ್ದು ರಷ್ಯದ ದುಬ್ನಾದಲ್ಲಿ. ಬರ್ಕೀಲಿಯಮ್ ಸುಮಾರು 330 ದಿನಗಳಲ್ಲಿ ಅರ್ಧವಾಗಿಬಿಡುವ ಪದಾರ್ಥ. ಆದರೂ 2009ರಲ್ಲಿ ಕಾಗದಪತ್ರಗಳು ಸರಿಯಿಲ್ಲವೆಂದು ಆ ಪೊಟ್ಟಣವು ಅಟ್ಲಾಂಟಿಕ್ ಸಾಗರವನ್ನು ಐದು ಸಾರಿ ದಾಟಬೇಕಾಯಿತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ! ಕಡೆಗೂ ಅದು ತಲಪಿತು, 2010ರಲ್ಲಿ 117ನೆಯದು ಲೋಕಕ್ಕೆ ತಿಳಿಯಿತು. ಆ ಅಮೆರಿಕನ್ ಸಂಸ್ಥಾನದ ಹೆಸರಿನಿಂದ ಅದು ಟೆನ್ನೆಸೀನ್ ಆಯಿತು. 118ನೆಯದು ದುಬ್ನಾದ ಯೂರಿ ಒಗಾನೆಸಿಯನ್ ಅವರ ಜೀವಿತಕಾಲದಲ್ಲಿಯೇ ಅವರ ಹೆಸರನ್ನು ಧರಿಸಿತು. 104ರಿಂದ ಮುಂದಿನ ಹೆಸರುಗಳಿಗಾಗಿ ದಶಕಗಟ್ಟಲೆ ವ್ಯಾಜ್ಯವಾಡಿ 1997ರಲ್ಲಿ ಒಕ್ಕೂಟದ ತೀರ್ಪಿಗೆ ಒಪ್ಪಿದ ಎರಡು ಪಕ್ಷಗಳು ಹೀಗೆ ಒಂದಾಗಿದ್ದವು.

2022ರಲ್ಲಿ ರಷ್ಯವು ಉಕ್ರೇನಿನ ಮೇಲೆ ದಂಡೆತ್ತಿ ಹೋದ ಮೇಲೆ ಈ ಸಹಕಾರ ನಿಂತಿತು. ಯುದ್ಧವನ್ನು ನಾವು ಸಮರ್ಥಿಸುವವರಲ್ಲ; ಪರರ ನೆಲವನ್ನು ಆಕ್ರಮಿಸಿದವರೊಡನೆ ಎಂದಿನಂತೆ ವ್ಯವಹರಿಸಲಾರೆವೆಂಬ ಮನಸ್ಸು ನಮಗೆ ಅರ್ಥವಾಗುತ್ತದೆ. ಆದರೆ ಫಲವನ್ನು ನೋಡಬೇಕು. 116ನೆಯ ಲಿವರ್‌ಮೋರಿಯಮನ್ನು ದುಬ್ನಾದವರು ಕ್ರೋಮಿಯಮಿನಿಂದ ಒಂದು ರೀತಿ ಮಾಡಿದರು. ಬರ್ಕ್ಲಿಯವರು ಟೈಟೇನಿಯಮಿನಿಂದ ಇನ್ನೊಂದು ರೀತಿ ಮಾಡಿ, 22 ದಿನಗಳಲ್ಲಿ ಎರಡು ಪರಮಾಣು ಪಡೆದು, 2024ರಲ್ಲಿ ಪ್ರಕಟಿಸಿದರು. ಹಿಂದೆ ಕೂಡಿ ಮಾಡುತ್ತಿದ್ದುದನ್ನು ಈಗ ಬೇರೆಬೇರೆ ಒಲೆ ಹೂಡಿ ಬೇಯಿಸುತ್ತಿದ್ದಾರೆ. ಜಪಾನೀಯರು 119ಕ್ಕಾಗಿ ವೆನೇಡಿಯಮನ್ನು ಕ್ಯೂರಿಯಮ್ಮಿಗೆ ಎಸೆಯಲು ಹಿಡಿದಿದ್ದಾರೆ. ಆ ಕ್ಯೂರಿಯಮ್ ಸಹ ಓಕ್ ರಿಡ್ಜಿನದು.

ಒಕ್ಕೂಟವು ಇಂಥ ಒಡಕನ್ನು ಕಂಡರಿಯದ್ದಲ್ಲ. 1919ರಲ್ಲಿ ಅದು ಹುಟ್ಟಿದಾಗ, ಗೆದ್ದ ರಾಷ್ಟ್ರಗಳು ಜರ್ಮನರನ್ನು ಹೊರಗಿರಿಸಿದವು. ಅಂದಿನ ರಸಾಯನಶಾಸ್ತ್ರದಲ್ಲಿ ಅಗ್ರಗಣ್ಯರಾಗಿದ್ದವರು ಅವರೇ. ಬಾಗಿಲು ತೆರೆಯಲು ಸುಮಾರು ಒಂದು ದಶಕ ಹಿಡಿಯಿತು.

ಕ್ಷಣದಲ್ಲಿ ಅಳಿಯುವ ಈ ಪದಾರ್ಥಗಳಿಂದ ಪ್ರಯೋಜನವೇನೆಂದು ನಮ್ಮ ಕಚೇರಿಗೆ ಬರುವ ಮಿತ್ರರು ಕೇಳುತ್ತಾರೆ. ಅವುಗಳಿಂದ ನೇರವಾಗಿ ಏನೂ ಇಲ್ಲವೆಂದು ಒಪ್ಪುತ್ತೇವೆ. ಆದರೆ ಬರ್ಕೀಲಿಯಮ್ ಹುಟ್ಟುವ ಕುಲುಮೆಯಲ್ಲಿಯೇ ಎಣ್ಣೆಬಾವಿಗಳ ಪರೀಕ್ಷೆಗೂ ಪರಮಾಣು ಸ್ಥಾವರಗಳನ್ನು ಚಾಲನೆಗೆ ತರುವುದಕ್ಕೂ ಬೇಕಾದ ಕ್ಯಾಲಿಫೋರ್ನಿಯಮ್ ಹುಟ್ಟುತ್ತದೆ. ಇಂಥ ಭಾರವಾದ ಪದಾರ್ಥಗಳನ್ನು ಗಣನೀಯ ಪ್ರಮಾಣದಲ್ಲಿ ಮಾಡಬಲ್ಲವು ಅಮೆರಿಕ, ರಷ್ಯ ಎರಡೇ.

ನಾಳೆ 119 ಅಥವಾ 120ನ್ನು ಕಂಡೆವೆಂದು ಒಂದು ಪಕ್ಷ ಸಾರಿದರೆ, ಅದೇ ಪ್ರಯೋಗವನ್ನು ಮತ್ತೆ ಮಾಡಿ ಹೌದು ಅಲ್ಲವೆನ್ನತಕ್ಕವರು ಯಾರು? ಎದುರು ಪಕ್ಷದವರೇ ಅಲ್ಲವೆ? ರಸಾಯನಶಾಸ್ತ್ರಜ್ಞರ ಒಕ್ಕೂಟವೂ ಭೌತಶಾಸ್ತ್ರಜ್ಞರ ಒಕ್ಕೂಟವೂ ಕೂಡಿ ನೇಮಿಸುವ ಪರೀಕ್ಷಕ ಮಂಡಲಿಯಲ್ಲಿ ಈ ಸ್ಪರ್ಧೆಗೆ ಸೇರದ ದೇಶಗಳ ಪಂಡಿತರಿಗೆ ಹೆಚ್ಚಿನ ಸ್ಥಾನವಿರತಕ್ಕದ್ದು. ಭಾರತದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯು ರಸಾಯನ ಒಕ್ಕೂಟದಲ್ಲಿ ನಮ್ಮ ದೇಶವನ್ನು ಪ್ರತಿನಿಧಿಸುತ್ತದೆ. ಈ ಮಾತನ್ನು ಅದು ಹೊಸ ಮೂಲವಸ್ತುವಿನ ವಾರ್ತೆ ಬಂದ ಮೇಲಲ್ಲ, ಬರುವ ಮೊದಲೇ ಎತ್ತಬೇಕು.